ನಿಂತರೂ ಉರಿಯುವ ದೀಪ

ಹೆಂಡತಿ: ದೀಪ ಉರಿಯುತ್ತೆ ಅಂತ ನಾನೂ ಒಪ್ಕೋತೀನಿ ಕಣ್ರೀ. ಬೇಡದ ಕಡೆ ಚೆನ್ನಾಗೇ ಉರಿಯುತ್ತೆ. ಬೇಕಾದ ಕಡೆ ಕಣ್ಣು ಮುಚ್ಕೊಂಡು ಕೂರುತ್ತೆ.

ರಿಪೇರಿಯವ: ಎಲ್ಲಿ ಮುಚ್ಕೊಳ್ತು? ನಿನ್ನ ಕಣ್ಣಾರೆ ನೋಡು.

ಸೈಕಲ್ ರಿಪೇರಿಯವನು ಹೆಂಡತಿಯ ಸೈಕಲ್ಲನ್ನು ಅಂಗಡಿಯ ನೆಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿಕೊಂಡಿದ್ದ. ಅಂಗಡಿ ಎಂದರೆ ಬೇರೆ ಕಟ್ಟಡವೇನಲ್ಲ, ಮನೆಯ ಮುಂದಿನ ಕೋಣೆಯೇ. ಪೆಡಲ್ ಹಿಡಿದು ಗಿರ್ರನೆ ತಿರುಗಿಸಿದ. ಹಿಂದಿನ ಟೈರಿಗೆ ಒತ್ತಿಕೊಂಡಿದ್ದ ಡೈನಮೋ ಕೊಂಯ್ ಎಂದು ರಾಗ ಎಳೆಯಿತು, ಮುಂದಿನ ದೀಪ ಜಗ್ಗನೆ ಹತ್ತಿತು. ಗೋಡೆಯ ಮೇಲೆ ನೇತಾಡುತ್ತಿದ್ದ ಟ್ಯೂಬುಗಳೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅವನ ಅಮ್ಮನ ಕನ್ನಡಕವೂ ಫಳಫಳ ಹೊಳೆದವು. ಅವನ ಮುಖ ದೀಪಕ್ಕಿಂತ ಹೆಚ್ಚು ಹೊಳೆಯಿತು.

ಹೆಂಡತಿ: ಸರಿ ಹಾಗಾದ್ರೆ. ನಾಳೆಯಿಂದ ನಾನೂ ಸೈಕಲ್ಲನ್ನ ತಲೆಕೆಳಗೆ ಮಾಡ್ಕೊಂಡೇ ಬರ್ತೀನಿ.

ಅಮ್ಮ: ಪೆಡಲ್ ಬಿಟ್ಟು ಸ್ವಲ್ಪ ನಿಧಾನ ಮಾಡೋ, ನೋಡೋಣ.

ರಿಪೇರಿಯವ: ನಿಧಾನ ಯಾಕೆ ಮಾಡ್ಬೇಕು? ಸೈಕಲ್ ಇರೋದು ಮುಂದೆ ಹೋಗೋಕೆ.

ಕೈ ಸೋತು ಪೆಡಲು ತಾನಾಗಿಯೇ ನಿಧಾನವಾಯಿತು. ದೀಪ ಎರಡು ಸಲ ಮಿಟಿಮಿಟಿ ಮಾಡಿ ಆರಿತು. ಅವನು ಅದನ್ನು ಕಾಣದವನಂತೆ ಸ್ಪ್ಯಾನರ್ ತೆಗೆದುಕೊಂಡು, ಸಡಿಲವೇ ಆಗಿರದ ಒಂದು ನಟ್ಟನ್ನು ಬಿಗಿಮಾಡತೊಡಗಿದ. ಮಾತು ತನಗೆ ಅನುಕೂಲವಾಗದ ಕಡೆಗೆ ತಿರುಗಿದಾಗಲೆಲ್ಲ ಅವನು ನಟ್ಟು ಬಿಗಿಮಾಡುವವನು. ಮದುವೆಯಾದ ಮೇಲೆ ಆ ಅಂಗಡಿಯಲ್ಲಿ ಒಂದು ನಟ್ಟೂ ಸಡಿಲವಾಗಿ ಉಳಿದಿರಲಿಲ್ಲ.

ವಿಷಯ ಇಷ್ಟು. ಹೆಂಡತಿ ಕೆಲಸ ಮಾಡುತ್ತಿದ್ದುದು ಊರಾಚೆಯ ಸಸಿಗಳ ನರ್ಸರಿಯಲ್ಲಿ. ಬಿಸಿಲುಗಾಲ ಬಂತೆಂದರೆ ಸಸಿಗಳಿಗೆ ನೀರು ಬಿಡುವುದು ಹೊತ್ತು ಇಳಿದ ಮೇಲೆಯೇ. ಹಾಗಾಗಿ ಅವಳು ಮನೆಗೆ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಬರುವ ದಾರಿಯಲ್ಲಿ ಅರ್ಧ ಭಾಗ ಕಾಲುವೆಯ ಪಕ್ಕದ ಸಮತಟ್ಟು ರಸ್ತೆ, ಇನ್ನರ್ಧ ಹಳೆಯ ಕಲ್ಲುಕ್ವಾರಿಯ ನಡುವಿನ ಕಾಲುದಾರಿ. ಅಲ್ಲಿ ಸಡಿಲ ಕಲ್ಲು, ಗುಂಡಿ, ಬೇರು. ನಡೆಯುವವರಿಗಿಂತ ನಿಧಾನವಾಗಿ ಸೈಕಲ್ ತುಳಿಯಬೇಕು, ನಿಧಾನ ಮಾಡಿದ ಕೂಡಲೇ ದೀಪ ಕೈಕೊಡುತ್ತಿತ್ತು. ಇದನ್ನು ಕೇಳಿದ ನರ್ಸರಿಯ ಯಜಮಾನಿ, ಬಿಸಿಲುಗಾಲ ಮುಗಿಯುವ ತನಕ ಇಲ್ಲೇ ಒಂದು ರೂಮು ಕೊಡುತ್ತೇನೆ, ಇದ್ದುಬಿಡು, ವಾರಕ್ಕೊಮ್ಮೆ ಮನೆಗೆ ಹೋಗಿ ಬಾ ಎಂದಿದ್ದಳು.

ಹೆಂಡತಿ: ಕಿಟಕಿ ದೊಡ್ಡದಂತೆ. ಹೊರಗಡೆ ಹೂವಿನ ಸಾಲಂತೆ. ವಾರದ ಕೊನೆಗೆ ಹೇಳ್ತೀನಿ ಅಂದಿದೀನಿ.

ರಿಪೇರಿಯವ: ನಿನ್ನಿಷ್ಟ.

ಹೆಂಡತಿ: ನನ್ನಿಷ್ಟ ಅಂತ ನಂಗೂ ಗೊತ್ತು. ನಿಮಗೇನನ್ಸುತ್ತೆ ಅಂತ ಕೇಳಿದ್ದು.

ರಿಪೇರಿಯವ: ಕಿಟಕಿ ದೊಡ್ಡದಿದ್ರೆ ಸೊಳ್ಳೆ ಬರುತ್ತೆ.

ಹಾಗೆಂದು ಇನ್ನೊಂದು ನಟ್ಟಿಗೆ ಕೈ ಹಾಕಿದ. ಅವನ ಎದೆಯೊಳಗೆ ಮಾತ್ರ ಯಾರೋ ಗಾಳಿ ತೆಗೆದುಬಿಟ್ಟಂತಾಗಿತ್ತು. ಅವಳಿಲ್ಲದ ಮನೆಯನ್ನು ಅವನು ಒಂದು ಸಲ ನೆನೆದು ನೋಡಿದ್ದ, ಎರಡನೇ ಸಲ ನೆನೆಯುವ ಧೈರ್ಯವಾಗಿರಲಿಲ್ಲ. ಆದರೆ ಹೋಗಬೇಡ ಎಂದು ಬಾಯಿಬಿಟ್ಟು ಹೇಳುವುದೆಂದರೆ ಅವನಿಗೆ ನಾಚಿಕೆ. ದೀಪ ಸರಿಯಾಗಿದೆ ಎಂದು ಸಾಧಿಸಿಬಿಟ್ಟರೆ ರೂಮಿನ ಮಾತೇ ಏಳುವುದಿಲ್ಲ ಎಂಬುದು ಅವನ ಲೆಕ್ಕಾಚಾರವಾಗಿತ್ತು.

ಬ್ಯಾಟರಿ ದೀಪ ಹಾಕಿಕೊಡಿ ಎಂದು ಅವಳು ಕೇಳಿಯೂ ಆಗಿತ್ತು. ಅದಕ್ಕೆ ಅವನು ಸೊಪ್ಪು ಹಾಕಿರಲಿಲ್ಲ. ಡೈನಮೋ ದುಡಿದು ತಿನ್ನುತ್ತೆ, ಬ್ಯಾಟರಿ ಕೂತು ತಿನ್ನುತ್ತೆ ಎಂಬುದು ಅವನು ಗಿರಾಕಿಗಳಿಗೆಲ್ಲ ಹೇಳುತ್ತ ಬಂದಿದ್ದ ಮಾತು. ಅಂಥವನ ಹೆಂಡತಿಯೇ ಬ್ಯಾಟರಿ ಹಾಕಿಸಿಕೊಂಡು ಓಡಾಡಿದರೆ ಅಂಗಡಿಯ ಮರ್ಯಾದೆ ಏನಾಗಬೇಕು?

ಹೆಂಡತಿ: ಬಿಡಿ, ಟಾರ್ಚನ್ನ ಬಾಯಲ್ಲಿ ಕಚ್ಕೊಂಡು ಬರ್ತೀನಿ.

ರಿಪೇರಿಯವ: ಒಳ್ಳೇದೇ. ದಾರಿಯಲ್ಲಾದ್ರೂ ಸ್ವಲ್ಪ ಸದ್ದು ಕಮ್ಮಿ ಆಗುತ್ತೆ.

ಹೆಂಡತಿ: ದಾರೀಲಿ ನಾನೊಬ್ಳೇ ಇರ್ತೀನಿ. ಅಲ್ಲಿ ಸದ್ದು ಮಾಡಿದ್ರೂ ಕೇಳಿಸ್ಕೊಳ್ಳೋರಿಲ್ಲ, ಮನೇಲಿದ್ದ ಹಾಗೇ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಇಂಥ ಮಾತು ಬಿದ್ದಾಗ ನಗುವನ್ನು ಬಚ್ಚಿಟ್ಟುಕೊಳ್ಳಲು ಅವಳಿಗಿದ್ದ ಉಪಾಯ ಅದೊಂದೇ.

ಮಾರನೆಯ ಸಂಜೆ ಹೆಂಡತಿಗೆ ರಜೆ. ಕತ್ತಲು ಕವಿಯುವ ಹೊತ್ತಿಗೆ ರಿಪೇರಿಯವನು ಅವಳ ಸೈಕಲ್ ಹತ್ತಿ, ನಾನೇ ಹೋಗಿ ನೋಡಿ ಬರುತ್ತೇನೆ, ಆಮೇಲೆ ಯಾರೂ ತುಟಿ ಪಿಟಕ್ ಎನ್ನಬಾರದು ಎಂದು ಹೇಳಿ ಹೊರಟ. ಹೋಗುವಾಗ ಬೆನ್ನು ನೆಟ್ಟಗಿತ್ತು. ಬರುವಾಗ ಸೈಕಲ್ ಅವನ ಮೇಲೆ ಒರಗಿತ್ತೋ ಅವನು ಸೈಕಲ್ ಮೇಲೆ ಒರಗಿದ್ದನೋ ತಿಳಿಯುವಂತಿರಲಿಲ್ಲ. ಹ್ಯಾಂಡಲ್ ಒಂದು ಕಡೆ ನೋಡುತ್ತಿತ್ತು, ಮುಂದಿನ ಚಕ್ರ ಇನ್ನೊಂದು ಕಡೆ ನೋಡುತ್ತಿತ್ತು. ಪ್ಯಾಂಟಿನ ಮಂಡಿ ಹರಿದಿತ್ತು, ತಲೆಗೂದಲಲ್ಲಿ ಒಣಗಿದ ಮುಳ್ಳುಕಡ್ಡಿ ಸಿಕ್ಕಿಕೊಂಡಿತ್ತು. ಕ್ವಾರಿಯಲ್ಲಿ ಒಂದು ಬಂಡೆಗೆ ಗುದ್ದಿದೆ ಎಂದಷ್ಟೇ ಹೇಳಿದ.

ಹೆಂಡತಿ ಬಿಸಿನೀರು, ಬಟ್ಟೆ ತಂದು ಅವನ ಕಾಲ ಬಳಿ ಕುಳಿತಳು. ಕೈ ಮೆತ್ತಗಿತ್ತು, ಬಾಯಿ ಮೆತ್ತಗಿರಲಿಲ್ಲ.

ಹೆಂಡತಿ: ದೀಪ ಹೇಗಿತ್ತು?

ರಿಪೇರಿಯವ: ಅದ್ಭುತವಾಗಿತ್ತು.

ಹೆಂಡತಿ: ಮತ್ತೆ ಬಂಡೆ ಕಾಣಿಸ್ಲಿಲ್ವಾ?

ರಿಪೇರಿಯವ: ಕಾಣಿಸ್ದೇ ಏನು? ಸ್ಪಷ್ಟವಾಗಿ ಕಾಣಿಸ್ತು. ಅದ್ರ ಮೇಲೆ ಒಂದು ಕಪ್ಪೆ ಕೂತಿತ್ತು, ಅದೂ ಕಾಣಿಸ್ತು.

ಹೆಂಡತಿ: ಬ್ರೇಕ್ ಹಾಕ್ಬೇಕಿತ್ತು.

ರಿಪೇರಿಯವ: ಹೇಗೆ ಹಾಕ್ಲಿ? ಬ್ರೇಕ್ ಹಾಕಿದ್ರೆ ದೀಪ ಆರಿಹೋಗಲ್ವಾ?

ಅಮ್ಮ ಕನ್ನಡಕ ಒರೆಸಿಕೊಳ್ಳಲು ಸೆರಗು ಹುಡುಕಿ, ಸಿಗದೆ, ಎದ್ದು ಒಳಗೇ ಹೋಗಿಬಿಟ್ಟಳು. ಒಳಗಿನಿಂದ ಪಾತ್ರೆ ಸದ್ದು ಬೇಕಾದ್ದಕ್ಕಿಂತ ಹೆಚ್ಚಾಗಿ ಕೇಳಿಬಂತು.

ಹೆಂಡತಿ: ಅಂದ್ರೆ ದೀಪ ಉಳಿಸ್ಕೊಳ್ಳೋಕೆ ಹೋಗಿ ಮಂಡಿ ಕಳ್ಕೊಂಡ್ರಿ.

ರಿಪೇರಿಯವ: ಕಪ್ಪೆಗೇನೂ ಆಗ್ಲಿಲ್ಲ.

ಹೆಂಡತಿ: ಅದಕ್ಕೆ ಬುದ್ಧಿ ಇತ್ತು, ಪಕ್ಕಕ್ಕೆ ಹಾರಿರುತ್ತೆ.

ಅವಳು ಮಂಡಿಗೆ ಪಟ್ಟಿ ಕಟ್ಟಿ, ಗಂಟನ್ನು ಸ್ವಲ್ಪ ಬಿಗಿಯಾಗಿಯೇ ಎಳೆದು ಎದ್ದಳು. ನಾನಾಗಿದ್ದರೆ ನಿಧಾನಕ್ಕೆ ಹೋಗಿ ದೀಪ ಕಳೆದುಕೊಳ್ಳುತ್ತಿದ್ದೆ, ನೀವು ಜೋರಾಗಿ ಹೋಗಿ ಮಂಡಿ ಕಳೆದುಕೊಂಡಿರಿ, ಅಷ್ಟಕ್ಕೆ ರೂಮೇ ವಾಸಿ ಎಂದು ಹೇಳಿ ಒಳಗೆ ಹೋದಳು. ಅವನಿಗೆ ಮಂಡಿಯ ನೋವಿಗಿಂತ ಆ ಕೊನೆಯ ಮಾತು ಜಾಸ್ತಿ ಉರಿಯಿತು. ನಗು ಮುಗಿಸಿಕೊಂಡು ಅಮ್ಮ ಹೊರಗೆ ಬಂದಳು.

ಅಮ್ಮ: ನಿನ್ನ ಡೈನಮೋ ದುಡಿದು ತಿನ್ನೋದೇನೋ ಸರಿ ಕಣೋ. ದುಡಿದಿದ್ದನ್ನೆಲ್ಲ ಆಗಿಂದಾಗ್ಲೇ ತಿಂದು ಮುಗಿಸಿದ್ರೆ, ಕೈಲಾಗದ ಹೊತ್ತಿಗೆ ಏನು ಗತಿ? ಒಂಚೂರು ಎತ್ತಿಡು ಅಂತ ಅದಕ್ಕೆ ಹೇಳ್ಕೊಡು.

ಅಮ್ಮ ತಮಾಷೆಗೆ ಹೇಳಿದ್ದು. ರಿಪೇರಿಯವನು ಮಾತ್ರ ಕಾಲು ಚಾಚಿಕೊಂಡು ಕುಳಿತಲ್ಲೇ ಆ ಮಾತನ್ನು ಮೆಲುಕುಹಾಕಿದ. ಕಾಲುವೆ ರಸ್ತೆಯಲ್ಲಿ ಅವಳು ಜೋರಾಗಿಯೇ ತುಳಿಯುತ್ತಾಳೆ. ನರ್ಸರಿಗೆ ಹೋಗುವಾಗ ಹಗಲು, ದೀಪವೇ ಬೇಡ. ಆಗೆಲ್ಲ ಡೈನಮೋ ದುಡಿದದ್ದನ್ನು ಒಂದು ಪುಟ್ಟ ಬ್ಯಾಟರಿಗೆ ತುಂಬಿಸಿಟ್ಟರೆ? ಕ್ವಾರಿಯಲ್ಲಿ ಚಕ್ರ ತೆವಳಲಿ, ನಿಂತೇ ಹೋಗಲಿ, ಎತ್ತಿಟ್ಟದ್ದರಿಂದ ದೀಪ ಉರಿಯುತ್ತದೆ. ಡೈನಮೋದ ಮಾನವೂ ಉಳಿಯಿತು, ಅಂಗಡಿಯದೂ ಉಳಿಯಿತು.

ಮರುದಿನದಿಂದ ಅವನು ಗುಟ್ಟಾಗಿ ಕೆಲಸಕ್ಕೆ ಇಳಿದ. ಮೊದಲ ಸಲ ಡೈನಮೋದ ತಂತಿಯನ್ನು ನೇರವಾಗಿ ಬ್ಯಾಟರಿಗೇ ಕೊಟ್ಟ. ಬ್ಯಾಟರಿ ತುಂಬುವುದಿರಲಿ, ಇದ್ದದ್ದೂ ಖಾಲಿಯಾಯಿತು. ಪಕ್ಕದ ಬೀದಿಯ ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ಯಾರದೋ ಸೈಕಲ್ ಕಥೆ ಎಂಬಂತೆ ಹೇಳಿಕೊಂಡ. ಆತ ನಕ್ಕು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಚಿಕ್ಕದೊಂದು ಬೋರ್ಡು ಜೋಡಿಸಿಕೊಟ್ಟು, ಮನೆಯವರ ಸೈಕಲ್ಲಿಗೆ ಹುಷಾರಾಗಿ ಹಾಕು ಎಂದ. ಇನ್ನು ಬ್ಯಾಟರಿಗೆ ಧೂಳು ಹೋಗದಂಥ, ನೀರು ಸಿಡಿದರೂ ತಡೆಯುವಂಥ ಮುಚ್ಚಳದ ಡಬ್ಬಿ ಬೇಕಿತ್ತು. ಬಚ್ಚಲ ಮನೆಯ ಗೂಡಿನಲ್ಲಿ, ಪ್ರಯಾಣಕ್ಕೆಂದು ಎತ್ತಿಟ್ಟಿದ್ದ ಹಸಿರು ಸೋಪಿನ ಡಬ್ಬಿ ಕಣ್ಣಿಗೆ ಬಿತ್ತು. ಅಳತೆ ಮಾಡಿಸಿದಂತಿತ್ತು.

ಅದೇ ಸಂಜೆ ಬಚ್ಚಲಿಂದ ಹೆಂಡತಿಯ ದನಿ ಬಂತು.

ಹೆಂಡತಿ: ಮುಚ್ಚಳದ ಸೋಪಿನ ಡಬ್ಬಿ ಎಲ್ಲಿ?

ರಿಪೇರಿಯವನಿಗೆ ಒಮ್ಮೆಲೇ ಎರಡು ಹೆದರಿಕೆ. ಕದ್ದವನು ತಾನು ಎಂಬುದು ಒಂದು, ಆ ಡಬ್ಬಿ ಬೇಕಾಗುವುದು ಊರು ಬಿಟ್ಟು ಹೋಗುವವರಿಗೆ ಮಾತ್ರ ಎಂಬುದು ಇನ್ನೊಂದು.

ರಿಪೇರಿಯವ: ಅದ್ಯಾಕೆ ಈಗ?

ಹೆಂಡತಿ: ಬೇಕಿತ್ತು.

ರಿಪೇರಿಯವ: ಮನೇಲಿ ಸೋಪಿಗೆ ಮುಚ್ಚಳ ಯಾಕೆ?

ಹೆಂಡತಿ: ಮನೇಲಿ ಇಡೋಕೆ ಅಂತ ಯಾರು ಹೇಳಿದ್ರು?

ರಿಪೇರಿಯವ: ಓಹೋ.

ಹೆಂಡತಿ: ಏನು ಓಹೋ?

ರಿಪೇರಿಯವ: ಏನಿಲ್ಲ. ಓಹೋ ಅಂದೆ.

ಹೆಂಡತಿ: ನೀವೇನಾದ್ರೂ ತಗೊಂಡ್ರಾ?

ರಿಪೇರಿಯವ: ನಂಗ್ಯಾಕೆ? ನಾನೇನು ಎಲ್ಲಿಗಾದ್ರೂ ಹೊರಟಿದೀನಾ?

ಹೆಂಡತಿಗೆ ಈ ಉತ್ತರದ ತಲೆಬುಡ ತಿಳಿಯಲಿಲ್ಲ. ಅವನಿಗೋ ಎಲ್ಲ ತಿಳಿದುಹೋಯಿತು ಎನ್ನಿಸಿತು. ಹಿತ್ತಿಲಿಗೆ ಹೋಗಿ ನೋಡಿದರೆ ಅಟ್ಟದ ಮೇಲಿದ್ದ ದಪ್ಪ ಕಂಬಳಿ ಒಗೆದು ಹಗ್ಗದ ಮೇಲೆ ಹರವಿಕೊಂಡಿತ್ತು. ಈ ಬಿಸಿಲುಗಾಲದಲ್ಲಿ ಕಂಬಳಿ! ಸೋಪು ಆಯಿತು, ಹಾಸಿಗೆ ಆಯಿತು, ಇನ್ನು ಪೆಟ್ಟಿಗೆ ತೆಗೆಯುವುದೊಂದೇ ಬಾಕಿ ಎಂದುಕೊಂಡು ನೇರ ಅಮ್ಮನ ಬಳಿಗೆ ಕುಂಟಿಕೊಂಡು ಹೋದ.

ರಿಪೇರಿಯವ: ಅಮ್ಮಾ, ನೀನೊಂದು ಮಾತು ಅವಳಿಗೆ ಹೇಳು. ಅಲ್ಲಿ ಇರೋದು ಬೇಡ ಅಂತ.

ಅಮ್ಮ: ನಿನ್ನ ಬಾಯಿಗೇನಾಗಿದೆ?

ರಿಪೇರಿಯವ: ನಾನು ಹೇಳಿದ್ರೆ ತಡೆದ ಹಾಗಾಗುತ್ತೆ. ನೀನು ಹೇಳಿದ್ರೆ ಬುದ್ಧಿ ಹೇಳಿದ ಹಾಗಾಗುತ್ತೆ.

ಅಮ್ಮ: ನಾನು ಹೇಳಿದ್ರೆ ಅತ್ತೆ ಕಾಟ ಅಂತಾರೆ ಕಣೋ. ಇಷ್ಟು ವರ್ಷ ಒಳ್ಳೆ ಹೆಸರು ಇಟ್ಕೊಂಡಿದೀನಿ, ನಿನ್ನ ನಾಚಿಕೆಗೋಸ್ಕರ ಅದನ್ನ ಕಳ್ಕೊಳ್ಳಲ್ಲ.

ರಿಪೇರಿಯವ: ಕಂಬಳಿನೂ ಒಗೆದಾಗಿದೆ, ನೋಡಿದ್ಯಾ?

ಅಮ್ಮ: ನೋಡ್ದೆ. ಚೆನ್ನಾಗಿ ಒಗೆದಿದಾಳೆ.

ರಿಪೇರಿಯವನು ಅಂಗಡಿಗೆ ಮರಳಿ, ಸೋಪಿನ ಡಬ್ಬಿಯಲ್ಲಿ ಬ್ಯಾಟರಿ ಕೂರಿಸಿ, ಅದನ್ನು ಸೀಟಿನ ಕೆಳಗೆ ಪಟ್ಟಿ ಹಾಕಿ ಕಟ್ಟಿದ. ಎಂದೂ ಇಲ್ಲದಷ್ಟು ಚೊಕ್ಕಟವಾಗಿ ತಂತಿ ಎಳೆದ. ಈ ದೀಪವಾದರೂ ತನ್ನ ಪರವಾಗಿ ಮಾತಾಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ವಾರದ ಕೊನೆಯ ದಿನ, ಹ್ಯಾಂಡಲ್ ಇನ್ನೂ ನೆಟ್ಟಗಾಗಿಲ್ಲ ಎಂದು ಹೆಂಡತಿಯನ್ನು ನಡೆದೇ ಹೋಗಲು ಬಿಟ್ಟು, ಸಂಜೆ ಅವನೇ ಅವಳ ಸೈಕಲ್ ಏರಿ ನರ್ಸರಿಗೆ ಹೋದ. ಕಾಲುವೆ ರಸ್ತೆಯ ಉದ್ದಕ್ಕೂ ಬ್ಯಾಟರಿ ತುಂಬಲೆಂದು ಕಾಲು ನೋವನ್ನೂ ಲೆಕ್ಕಿಸದೆ ತುಳಿದ. ಗೇಟಿನಲ್ಲಿ ಅವನನ್ನು ಕಂಡ ಯಜಮಾನಿ ನಕ್ಕಳು. ಸಸಿಗೆ ನೀರು ಬಿಡುತ್ತಿದ್ದ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ತಾನು ಬಿದ್ದ ಸುದ್ದಿ ಇಲ್ಲಿಯವರೆಗೂ ಬಂದಿದೆ ಎಂದು ಅವನು ತಲೆ ತಗ್ಗಿಸಿ ನಿಂತ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಏನು ವಿಶೇಷ ಎಂದು ಕೇಳಿದಳು. ದೀಪ ತೋರಿಸಬೇಕು, ನೀನು ಸೈಕಲ್ ಹತ್ತು, ನಾನು ನಡೆದು ಬರುತ್ತೇನೆ ಎಂದ. ಕಾಲುವೆ ರಸ್ತೆಯಲ್ಲಿ ಅವಳು ಮುಂದೆ ಹೋಗಿ ಹೋಗಿ ನಿಂತು ಕಾದಳು. ಕ್ವಾರಿಯ ಹತ್ತಿರ ಕತ್ತಲು ಪೂರ್ತಿ ಇಳಿದಿತ್ತು. ಅಲ್ಲಿಂದ ಅವಳ ಸೈಕಲ್ಲಿಗೂ ಅವನ ಕುಂಟು ನಡಿಗೆಗೂ ವೇಗ ಒಂದೇ ಆಯಿತು. ಚಕ್ರ ಕಲ್ಲಿನಿಂದ ಕಲ್ಲಿಗೆ ತೆವಳಿತು, ಡೈನಮೋದ ರಾಗ ನಿಂತೇ ಹೋಯಿತು. ಬೆಳಕು ಮಾತ್ರ ಅಲುಗಾಡದೆ ಗುಂಡಿಯನ್ನು ಗುಂಡಿಯಾಗಿ, ಕಲ್ಲನ್ನು ಕಲ್ಲಾಗಿ ತೋರಿಸುತ್ತಿತ್ತು.

ಹೆಂಡತಿ: ಅಯ್ಯೋ, ಆರಲೇ ಇಲ್ವಲ್ಲ.

ರಿಪೇರಿಯವ: ನಿಲ್ಲಿಸು. ಪೂರ್ತಿ ನಿಲ್ಲಿಸಿ ನೋಡು.

ಅವಳು ಕಾಲೂರಿ ನಿಂತಳು. ದೀಪ ಉರಿಯುತ್ತಲೇ ಇತ್ತು. ಅವಳು ಸುತ್ತ ಬಗ್ಗಿ ನೋಡಿದಳು, ಸೀಟಿನ ಕೆಳಗೆ ಕೈ ಹಾಕಿ ತಡವಿದಳು.

ಹೆಂಡತಿ: ರೀ, ಇದು ನನ್ನ ಸೋಪಿನ ಡಬ್ಬಿ.

ರಿಪೇರಿಯವ: ಹೊಸದು ಕೊಡಿಸ್ತೀನಿ. ನೀನು ಹೋಗೋದೇ ಆದ್ರೆ.

ಹೆಂಡತಿ: ಎಲ್ಲಿಗೆ? ನರ್ಸರೀಲಿ ಕೈ ತೊಳೆಯೋಕೆ ಸೋಪು ಇಟ್ಕೊಳ್ಳೋಣ ಅಂತ ಹುಡುಕಿದ್ದು. ಮಣ್ಣು ಕೈಯಲ್ಲೇ ಹ್ಯಾಂಡಲ್ ಹಿಡ್ಕೊಂಡು ಬಂದ್ರೆ ನೀವೇ ಬೈತೀರಲ್ಲ.

ರಿಪೇರಿಯವ: ಮತ್ತೆ ಕಂಬಳಿ?

ಹೆಂಡತಿ: ಅತ್ತೇದು. ಚಳಿಗಾಲದಿಂದ ಹಾಗೇ ಇದೆ, ಒಗೆದುಕೊಡು ಅಂತ ಅವರೇ ಹೇಳಿದ್ರು. ಅವರನ್ನ ಕೇಳಿದ್ರೆ ಹೇಳ್ತಿದ್ರು.

ರಿಪೇರಿಯವ: ಕೇಳ್ದೆ. ಚೆನ್ನಾಗಿ ಒಗೆದಿದಾಳೆ ಅಂದ್ಳು.

ಹೆಂಡತಿ ಹ್ಯಾಂಡಲ್ ತಿರುಗಿಸಿದಳು. ಬೆಳಕು ನೇರ ಅವನ ಮುಖದ ಮೇಲೆ ಬಿತ್ತು. ಅಂಗಡಿಯಲ್ಲಾದರೆ ಈ ಹೊತ್ತಿಗೆ ಯಾವುದಾದರೂ ನಟ್ಟು ಕೈಗೆ ಸಿಗುತ್ತಿತ್ತು. ಇಲ್ಲಿ ಸ್ಪ್ಯಾನರ್ ಇರಲಿಲ್ಲ, ನೋಡಲು ಗೋಡೆಯೂ ಇರಲಿಲ್ಲ.

ಹೆಂಡತಿ: ದೀಪ ಚೆನ್ನಾಗಿದೆ. ರೂಮೂ ಚೆನ್ನಾಗಿದೆ. ಈಗ ಹೇಳಿ.

ರಿಪೇರಿಯವ: ಕಿಟಕಿ...

ಹೆಂಡತಿ: ಸೊಳ್ಳೆ ವಿಷಯ ಬೇಡ.

ಅವನು ಒಮ್ಮೆ ದೀಪದ ಕಡೆ ನೋಡಿದ. ಅದು ಸ್ವಲ್ಪ ಹೊತ್ತಾದರೂ ಆರಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತಾನೇ ಇಷ್ಟು ಚೆನ್ನಾಗಿ ಮಾಡಿಟ್ಟ ಮೇಲೆ ಅದೆಲ್ಲಿ ಆರೀತು?

ರಿಪೇರಿಯವ: ಅಲ್ಲಿ ಉಳ್ಕೋಬೇಡ. ದೀಪ ಉರೀಲಿ, ಬಿಡ್ಲಿ. ಬೇಕಾದ್ರೆ ದಿನಾ ನಾನೇ ನಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ. ನೀನಿಲ್ದೆ ಆ ಮನೇಲಿ ಇರೋಕೆ ನಂಗಾಗಲ್ಲ.

ಹೇಳಿ ಮುಗಿಸಿದ ಮೇಲೆ ಅವನಿಗೆ ಮೈ ಹಗುರಾಯಿತು, ಜೊತೆಗೆ ಕಿವಿಯೂ ಬಿಸಿಯಾಯಿತು. ಹೆಂಡತಿ ಸೈಕಲ್ಲಿನಿಂದ ಇಳಿದು ಅವನ ಪಕ್ಕ ತಳ್ಳಿಕೊಂಡು ನಡೆಯತೊಡಗಿದಳು.

ಹೆಂಡತಿ: ಆ ರೂಮು ಬೇಡ ಅಂತ ಯಜಮಾನಿಗೆ ಅವತ್ತೇ ಹೇಳ್ಬಿಟ್ಟಿದೀನಿ.

ರಿಪೇರಿಯವ: ಯಾವತ್ತು?

ಹೆಂಡತಿ: ಅವರು ಕೊಡ್ತೀನಿ ಅಂದ ದಿನವೇ.

ರಿಪೇರಿಯವ: ವಾರದ ಕೊನೆಗೆ ಹೇಳ್ತೀನಿ ಅಂದಿದ್ಯಲ್ಲ?

ಹೆಂಡತಿ: ಅದು ನಿಮಗೆ ಹೇಳಿದ್ದು.

ರಿಪೇರಿಯವನು ನಿಂತುಬಿಟ್ಟ. ಬಂಡೆ, ಕಪ್ಪೆ, ಮಂಡಿ, ರೇಡಿಯೋ ರಿಪೇರಿಯವನ ನಗು ಎಲ್ಲ ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ಸಿಟ್ಟು ಮಾಡಿಕೊಳ್ಳಬೇಕು ಎಂದು ಮನಸ್ಸು ಮಾಡಿ ನೋಡಿದ, ಬರಲಿಲ್ಲ.

ರಿಪೇರಿಯವ: ಯಾಕೆ ಬೇಡ ಅಂತ ಅವರು ಕೇಳ್ಲಿಲ್ವಾ?

ಹೆಂಡತಿ: ಕೇಳಿದ್ರು. ನಾನಿಲ್ದೆ ನಮ್ಮನೆಯವ್ರಿಗೆ ಇರೋಕಾಗಲ್ವಂತೆ, ಅವರೇ ಬಾಯಿಬಿಟ್ಟು ಹೇಳಿದ್ರು ಅಂದೆ. ಅವತ್ತಿಂದ ನರ್ಸರೀಲಿ ಎಲ್ರಿಗೂ ಅದೇ ಮಾತು.

ರಿಪೇರಿಯವ: ನಾನು ಯಾವಾಗ ಹಾಗಂದೆ?

ಹೆಂಡತಿ: ಈಗಷ್ಟೇ ಅಂದ್ರಲ್ಲ. ಅಷ್ಟು ಜನರ ಮುಂದೆ ಸುಳ್ಳು ಹೇಳ್ಬಿಟ್ಟೆ ಅಂತ ವಾರದಿಂದ ನಂಗೆ ಒಂದೇ ಸಂಕಟ. ಈಗ ನೆಮ್ಮದಿಯಾಯ್ತು, ನಡೀರಿ.